ಪನಾಮಾದ ಗಟೂನ್ ಜಲಾಶಯ

ಅಣೆಕಟ್ಟಿನ ಇತಿಹಾಸ ಬರೆಯಹೊರಟರೆ ನಾವು ಸಾಮಾನ್ಯವಾಗಿ ಕಟ್ಟಿಸಿದವರ ಹೆಸರು, ಕಟ್ಟೆಯ ಎತ್ತರ, ನೀರು ಕಂಡ ಎಕರೆಗಳು, ಇಷ್ಟರಲ್ಲಿ ಮುಗಿಸಿಬಿಡುತ್ತೇವೆ. ನೀರು ನಿಂತ ಮೇಲೆ ಆ ನೀರಿನ ಒಡಲಲ್ಲಿ ಏನೇನು ನಡೆಯಿತೆಂಬುದನ್ನು ಬರೆದಿಟ್ಟವರು ವಿರಳ. ಅಂತಹ ಬರೆಹದ ಭಾಗ್ಯ ಪಡೆದ ಜಲಾಶಯಗಳಲ್ಲಿ ಪನಾಮಾ ದೇಶದ ಗಟೂನ್ ಒಂದು.

ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಕೂಡಿಸುವ ಕಾಲುವೆಗಾಗಿ ಅಮೆರಿಕದವರು ಚಾಗ್ರೆಸ್ ನದಿಗೆ ಒಡ್ಡು ಹಾಕಿದರು. 1913ರ ಹೊತ್ತಿಗೆ ಸುಮಾರು 425 ಚದರ ಕಿಲೋಮೀಟರು ನೆಲ ನೀರಿನಡಿಯಾಯಿತು. ಮಾನವನಿರ್ಮಿತ ಸರೋವರಗಳಲ್ಲಿ ಅಂದಿಗೆ ಅದೇ ಜಗತ್ತಿಗೆ ದೊಡ್ಡದು. ಕಣಿವೆಯ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿ ಹೊರಟುಹೋದರು. ಗುಡ್ಡಗಳ ನೆತ್ತಿಗಳು ಮಾತ್ರ ದ್ವೀಪಗಳಾಗಿ ಉಳಿದವು. ಲಿಂಗನಮಕ್ಕಿಯ ಹಿನ್ನೀರನ್ನು ಕಂಡ ನಮ್ಮ ಮಲೆನಾಡಿನ ಬಂಧುಗಳಿಗೆ ಈ ನೋಟವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ.

ಆ ದ್ವೀಪಗಳಲ್ಲಿ ಬಾರೊ ಕೊಲೊರಾಡೊ ಎಂಬುದನ್ನು 1923ರಲ್ಲಿ ಪ್ರಕೃತಿಯ ಅಧ್ಯಯನಕ್ಕೆಂದೇ ಕಾದಿರಿಸಿದರು. 1946ರಿಂದ ಅದು ಸ್ಮಿತ್ಸೋನಿಯನ್ ಸಂಸ್ಥೆಯ ಆಡಳಿತದಲ್ಲಿದೆ. 1980ರ ದಶಕದ ಮೊದಲಲ್ಲಿ ಅಲ್ಲಿ 50 ಹೆಕ್ಟೇರು ಕಾಡನ್ನು ಗುರುತಿಸಿ, ಕಿರುಬೆರಳಿನಷ್ಟು ದಪ್ಪವಿರುವ ಸಸಿಯಿಂದ ಹಿಡಿದು ಎರಡು ಲಕ್ಷಕ್ಕೂ ಮೇಲ್ಪಟ್ಟ ಗಿಡಮರಗಳನ್ನು ಅಳೆದರು. ಸುಮಾರು ಐದು ವರ್ಷಗಳಿಗೊಮ್ಮೆ ಮತ್ತೆ ಅಳೆಯುತ್ತ ಬಂದರು. ಇದೇ ಕ್ರಮದಲ್ಲಿ 1988ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂಡೀಪುರಕ್ಕೆ ಹೊಂದಿದ ಮುದುಮಲೆಯಲ್ಲಿ 50 ಹೆಕ್ಟೇರು ಕಾಡಿನ ಲೆಕ್ಕ ತೆಗೆದರೆಂಬುದು ಅಭಿಮಾನದ ಸಂಗತಿ.

ಆದರೆ ಕಾಡಿನ ಲೆಕ್ಕಕ್ಕಿಂತಲೂ ನಮ್ಮನ್ನು ತಡೆದು ನಿಲ್ಲಿಸುವುದು ನೀರಿನ ಲೆಕ್ಕ. 1967ರ ಸುಮಾರಿಗೆ, ಕೊಳದಲ್ಲಿ ಸಾಕಿದ್ದ ಅಮೆಜಾನ್ ಸೀಮೆಯ ಬೇಟೆಮೀನೊಂದು ತಪ್ಪಿಸಿಕೊಂಡು ಚಾಗ್ರೆಸ್ ನದಿಯ ಮೂಲಕ ಜಲಾಶಯವನ್ನು ಸೇರಿತು. ಮೈಮೇಲೆ ದರ್ಜೆಯ ಪಟ್ಟಿಗಳಂತೆ ಕಪ್ಪು ಗೆರೆಗಳುಳ್ಳ ಈ ಮೀನನ್ನು ಅಲ್ಲಿಯವರು ‘ಸಾರ್ಜೆಂಟೊ’ ಎನ್ನುತ್ತಾರೆ, ಎಂದರೆ ಪಡೆಯ ಸಾರ್ಜೆಂಟ್. ಹೆಸರಿಗೆ ತಕ್ಕ ದಂಡಯಾತ್ರೆಯನ್ನೇ ಅದು ನಡೆಸಿತು! ತಾಮಸ್ ಝಾರೆಟ್ ಮತ್ತು ರಾಬರ್ಟ್ ಪೇಯ್ನ್ ಎಂಬ ವಿಜ್ಞಾನಿಗಳು, ಅದು ಮುಟ್ಟಿದ್ದ ಭಾಗಗಳನ್ನೂ ಇನ್ನೂ ಮುಟ್ಟದಿದ್ದ ಭಾಗಗಳನ್ನೂ ಹೋಲಿಸಿ 1973ರಲ್ಲಿ ವರದಿ ಪ್ರಕಟಿಸಿದರು. ದಡದಂಚಿನಲ್ಲಿ ಹೇರಳವಾಗಿದ್ದ ನಾಡಮೀನುಗಳಲ್ಲಿ ಬಹುಪಾಲು ಅಳಿದುಹೋಗಿದ್ದುವು. ಅವನ್ನೇ ನಂಬಿದ್ದ ಹಕ್ಕಿಗಳೂ ಕಡಮೆಯಾಗಿದ್ದುವು. ಸೊಳ್ಳೆಮರಿಗಳನ್ನು ತಿನ್ನುವ ಸಣ್ಣ ಮೀನುಗಳು ಹೋದುದರಿಂದ ಮಲೇರಿಯಾ ಹೆಚ್ಚೀತೆಂಬ ಶಂಕೆಯನ್ನೂ ಅವರು ಎತ್ತಿದರು. ಇಂತಹ ಮೀನುಗಳನ್ನು ಕೆರೆಬಾವಿಗಳಿಗೆ ಬೇಕೆಂದೇ ಬಿಡುವ ರೂಢಿ ನಮ್ಮ ಕಡೆಯೂ ಉಂಟಾದ್ದರಿಂದ ಈ ಶಂಕೆ ನಮಗೆ ವಿಚಿತ್ರವೆನಿಸದು.

ಪ್ರಕೃತಿ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆಂದು ನಾವು ನಂಬುತ್ತೇವಷ್ಟೆ. ಆ ನಂಬಿಕೆಗೆ ಗಟೂನಿನಲ್ಲಿ ಪರೀಕ್ಷೆಯಾಯಿತು. ಮೀನು ನುಗ್ಗಿದ 45 ವರ್ಷಗಳ ತರುವಾಯ ಇನ್ನೊಂದು ತಂಡದವರು ಅಲ್ಲಿಯ ಮೀನುಗಳನ್ನು ಮತ್ತೆ ಹಿಡಿದು ಎಣಿಸಿ, 2017ರಲ್ಲಿ ಫಲಿತಾಂಶ ತಿಳಿಸಿದರು: ಹಳೆಯ ಮೀನುಬಳಗ ಚೇತರಿಸಿಕೊಂಡಿರಲಿಲ್ಲ. ಮೊದಲಿನವರ ಪಟ್ಟಿ ಇಲ್ಲದಿದ್ದರೆ, ಈ ಸರೋವರ ಎಂದೂ ಹೀಗೆಯೇ ಇತ್ತೆಂದು ಹೊಸಬರು ಬರೆದುಕೊಳ್ಳುತ್ತಿದ್ದರೋ ಏನೋ!

ಊರವರಿಗೆ ಸಾರ್ಜೆಂಟೊ ಈಗ ಪರದೇಶಿಯಲ್ಲ. ಗಾಳಕ್ಕೂ ಊಟಕ್ಕೂ ಅದು ಅಚ್ಚುಮೆಚ್ಚು. ಈ ನಡುವೆ 2016ರಲ್ಲಿ ಕಾಲುವೆಯ ಹೊಸ ದೊಡ್ಡ ಹಡಗುಕಟ್ಟೆಗಳು ತೆರೆದವು. ಅಲ್ಲಿಂದೀಚೆಗೆ ಸಿಹಿನೀರಿನಲ್ಲಿ ಉಪ್ಪು ಏರಿದೆ. ಸಂಶೋಧಕರ ಬಲೆಗೆ ಕಡಲಮೀನುಗಳು ಮೊದಲಿಗಿಂತ ಹೆಚ್ಚಾಗಿ ಬೀಳತೊಡಗಿವೆ.