ತೇಗದ ನೆಡುತೋಪು

ಮರಮುಟ್ಟಿಗಾಗಿ ತೇಗವನ್ನು (ಸಾಗುವಾನಿ, ಟೆಕ್ಟೋನ ಗ್ರಾಂಡಿಸ್) ಸಾಲಾಗಿ ನೆಟ್ಟು, ದಶಕಗಟ್ಟಲೆ ಸಾಕಿ ಕಡಿಯುವ ತೋಪು. ಭಾರತದಲ್ಲಿ ಇದು ವ್ಯವಸ್ಥಿತವಾಗಿ ಆರಂಭವಾದದ್ದು 1840ರ ದಶಕದಲ್ಲಿ, ಕೇರಳದ ನಿಲಂಬೂರಿನಲ್ಲಿ. ಹಡಗು ಕಟ್ಟುವವರ ಬೇಡಿಕೆಗೆ ಮಲಬಾರಿನ ಕಾಡುತೇಗ ಕರಗತೊಡಗಿದಾಗ ಅಲ್ಲಿನ ಕಲೆಕ್ಟರ್ ಎಚ್. ವಿ. ಕಾನೊಲಿ ಯೋಜನೆ ಹಾಕಿದ. ಸಸಿ ಎಬ್ಬಿಸಿ ತೋಪನ್ನು ನಿಲ್ಲಿಸಿದವರು ಚಾತು ಮೆನನ್. ಹಳೆಯ ತೋಪಿಗೆ ಉಳಿದ ಹೆಸರು ಮಾತ್ರ ಕಾನೊಲಿಯದು. ಕರ್ನಾಟಕದಲ್ಲಿ ದಾಂಡೇಲಿ, ಹಳಿಯಾಳದ ಕಡೆ ತೇಗ ಹೆಚ್ಚು.

ತೇಗದ ಕಾಯಿ ಗಟ್ಟಿ; ಹಾಗೇ ಬಿತ್ತಿದರೆ ಮೊಳೆಯುವುದು ಕಡಿಮೆ, ಅದೂ ಒಟ್ಟಿಗೆ ಅಲ್ಲ. ಆದ್ದರಿಂದ ಕೆಲವು ದಿನ ರಾತ್ರಿ ನೀರಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಬಳಿಕ ಪಾತಿಗೆ ಹಾಕುತ್ತಾರೆ. ವರ್ಷ ತುಂಬಿದ ಸಸಿಯನ್ನು ಕಿತ್ತು, ಕಾಂಡವನ್ನು ಎರಡು-ಮೂರು ಸೆಂ.ಮೀ. ಮಾತ್ರ ಬಿಟ್ಟು ಕತ್ತರಿಸಿ, ತಾಯಿಬೇರನ್ನು ಸುಮಾರು ಒಂದು ಗೇಣಿಗೆ ಇಳಿಸಿ, ಪಕ್ಕದ ಬೇರುಗಳನ್ನು ಸವರಿದರೆ ಸಿಗುವುದೇ ‘ಸ್ಟಂಪ್’. ನೋಡಲು ಒಣಗಿದ ಗೂಟ. ಮುಂಗಾರಿನ ಹೊಸ್ತಿಲಲ್ಲಿ ಹಾರೆಯಿಂದ ತೂತು ಹೊಡೆದು ಇಳಿಸಿ, ಸುತ್ತ ಗಾಳಿ ಉಳಿಯದಂತೆ ಮಣ್ಣು ಅದುಮಿದರೆ ಚಿಗುರುತ್ತದೆ. ನೀರು ನಿಲ್ಲುವ ನೆಲದಲ್ಲಿ ಮಾತ್ರ ಏನು ಮಾಡಿದರೂ ಏಳಿಗೆಯಿಲ್ಲ.

ಎರಡು ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 2,500 ಗಿಡ ಹಿಡಿಯುತ್ತವೆ. ಕೊನೆಯವರೆಗೆ ನಿಲ್ಲಬೇಕಾದವು ಅದರಲ್ಲಿ ಸಣ್ಣ ಪಾಲು. ಇಷ್ಟು ಒತ್ತಾಗಿ ನೆಡುವುದು ಕಾಂಡ ನೆಟ್ಟಗೆ ಏರಲಿ, ಆರಿಸಿಕೊಳ್ಳಲು ಮರಗಳಿರಲಿ ಎಂದು. ಮೊದಲ ವಿರಳೀಕರಣ ಐದನೆಯ ವರ್ಷದ ಆಸುಪಾಸಿನಲ್ಲಿ: ಒಂದು ಬಿಟ್ಟು ಒಂದು ಓರೆಸಾಲು ತೆಗೆದರೆ 1,250 ಉಳಿಯುತ್ತವೆ. ಮುಂದಿನ ಸರದಿಯಲ್ಲಿ ಇನ್ನರ್ಧ. ಅಲ್ಲಿಗೆ ಲೆಕ್ಕದ ಕೆಲಸ ಮುಗಿದು ಕಣ್ಣಿನ ಕೆಲಸ ಶುರು: ಕವಲೊಡೆದದ್ದು, ಸೊಟ್ಟಗಾದದ್ದು, ನೆರೆಮರದ ಅಡಿ ಸಿಕ್ಕಿ ಸೊರಗಿದ್ದು ಹೋಗಬೇಕು.

ಖಾಸಗಿ ತೋಪುಗಳು ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಬೆಳೆದ ಮರಕ್ಕೆ ಕೊಡಲಿ ಹಾಕಲು ಮನಸ್ಸು ಬರುವುದಿಲ್ಲ. ಸಣ್ಣ ಕಂಬಕ್ಕೆ ಬೆಲೆಯೂ ಕಡಿಮೆ. ತೇಗವೋ ಬಿಸಿಲಿನ ಮರ. ನೆತ್ತಿಗಳು ಒಂದಕ್ಕೊಂದು ತಾಗಿ ಕಿರಿದಾದರೆ ಕಾಂಡ ದಪ್ಪವಾಗುವುದು ನಿಧಾನವಾಗುತ್ತದೆ. ತಡಮಾಡಿ ಒಮ್ಮೆಲೇ ಬಯಲು ಮಾಡಿದರೆ ಕಾಂಡದುದ್ದಕ್ಕೂ ನೀರುಚಿಗುರು ಒಡೆದು ಹಲಗೆಯಲ್ಲಿ ಗಂಟಾಗುತ್ತದೆ. ಒತ್ತು ತೋಪಿನ ನೆಲಕ್ಕೂ ಕೇಡೇ: ಅಗಲ ಎಲೆಯಿಂದ ಬೀಳುವ ದಪ್ಪ ಹನಿ, ಹುಲ್ಲು ಪೊದೆಯಿಲ್ಲದ ಮಣ್ಣನ್ನು ಕೊಚ್ಚುತ್ತದೆ.

ಮಳೆಗಾಲದ ಆರಂಭದಲ್ಲಿ ಎಳೆಯೆಲೆ ಬೋಳಿಸುವ ಹುಳು (ಹಿಬ್ಲಿಯಾ ಪ್ಯೂರ) ಬರುತ್ತದೆ. ಅದು ಮರವನ್ನು ಕೊಲ್ಲುವುದು ಅಪರೂಪ, ಬೆಳವಣಿಗೆಯನ್ನು ತಡೆಯುತ್ತದೆ. ಕೊನೆಯ ಕಡಿತ ಸಾಮಾನ್ಯವಾಗಿ 50 ವರ್ಷ ದಾಟಿದ ಮೇಲೆ. 20 ವರ್ಷದ ದಿಮ್ಮಿಯಲ್ಲಿ ಚೇಗಿನ ಪಾಲು ಕಡಿಮೆ, ಗೆದ್ದಲು ತಿನ್ನುವ ಬಿಳಿಭಾಗ ಹೆಚ್ಚು.