ಬಿಸಿಲಲ್ಲಿ ಎಂಟು ಗಜ ಉಣ್ಣೆ

ಎಂಟನೇ ತರಗತಿಯಲ್ಲಿ ಮೈಸೂರು ಯುದ್ಧಗಳ ಪಾಠ ನಡೀತಿತ್ತು. ಸ್ಕಾಟ್ಲೆಂಡಿನ ಸಿಪಾಯಿಯೊಬ್ಬನ ಹಳೆಯ ಚಿತ್ರ ತೋರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಮಾಷ್ಟ್ರೇ, ಇವರು ಮುಂಡು ಎತ್ತಿ ಕಟ್ಟಿ ಯುದ್ಧಕ್ಕೆ ಬಂದದ್ದಾ?" ಇಡೀ ಕ್ಲಾಸು ನಕ್ಕಿತು. ಒಬ್ಬಳು ಮಾತ್ರ ನಗದೆ, "ಒಳ್ಳೇದೇ ಅಲ್ವಾ ಮಾಷ್ಟ್ರೇ, ಸೆಕೆಗೆ ಗಾಳಿ ಬರ್ತದೆ" ಎಂದಳು.

ಅವಳ ಮಾತು ಮನೆಗೆ ಬಂದರೂ ತಲೆಯಲ್ಲಿ ಉಳಿದಿತ್ತು. ಕಾಸರಗೋಡಿನ ಸೆಕೆಯಲ್ಲಿ ಮುಂಡು ಉಟ್ಟು ಕೂತು ಯೋಚಿಸಿದೆ: ಕಿಲ್ಟ್ ನಿಜಕ್ಕೂ ಸೆಕೆಗೆ ಆಗ್ತದಾ? ಅದನ್ನು ಉಟ್ಟೇ ನಮ್ಮ ದೇಶಕ್ಕೆ ಬಂದವರಿಗೆ ಏನಾಯಿತು?

ಮೊದಲು ಕಿಲ್ಟ್ ಅಂದರೆ ಏನು ನೋಡೋಣ. ಹಿಂಬದಿಗೆ ಒತ್ತೊತ್ತಾಗಿ ಹೊಲಿದ ನೆರಿಗೆ, ಎದುರಿಗೆ ಒಂದರ ಮೇಲೊಂದು ಬರುವ ಎರಡು ಚಪ್ಪಟೆ ಪದರ, ಸೊಂಟದಲ್ಲಿ ಚರ್ಮದ ಪಟ್ಟಿ. ಬಟ್ಟೆ ಉಣ್ಣೆಯದು, ಉದ್ದ ಸುಮಾರು ಎಂಟು ಗಜ. ನಡೆಯುವಾಗ ನೆರಿಗೆಗಳು ತೂಗಿ ತೊಡೆಗೆ ಗಾಳಿ ಬೀಸುತ್ತವೆ, ಅಷ್ಟರಮಟ್ಟಿಗೆ ನಮ್ಮ ಹುಡುಗಿ ಹೇಳಿದ್ದು ಸರಿ. ಆದರೆ ಸೊಂಟದ ಸುತ್ತ ಅಷ್ಟೂ ಬಟ್ಟೆ ಪದರ ಪದರವಾಗಿ ಕೂತಿರುತ್ತದೆ, ಬೆವರು ಇಳಿಯುವುದು ಅಲ್ಲೇ. ನಾವು ಮುಂಡನ್ನು ಬೇಕಾದಾಗ ಮೊಣಕಾಲಿನ ಮೇಲೆ ಎತ್ತಿ ಕಟ್ಟುತ್ತೇವೆ, ಹಿರಿಯರು ಎದುರು ಬಂದರೆ ಇಳಿಸುತ್ತೇವೆ. ಹೊಲಿದ ಕಿಲ್ಟಿಗೆ ಈ ಸೌಕರ್ಯ ಇಲ್ಲ. ಅದು ಮೊಣಕಾಲಿನ ಹತ್ತಿರ ನಿಂತರೆ ನಿಂತಿತು.

ಇಷ್ಟು ಚಳಿಯ ನಾಡಿನ ಉಡುಪು ಇಲ್ಲಿಗೆ ಬಂದದ್ದರ ಹಿಂದೆ ಒಂದು ಕಾನೂನಿದೆ. 1745ರ ದಂಗೆಯ ನಂತರ ಬ್ರಿಟಿಷ್ ಸರ್ಕಾರ ಸ್ಕಾಟ್ಲೆಂಡಿನ ಗುಡ್ಡಗಾಡಿನ ಗಂಡಸರಿಗೆ ಅವರದೇ ಉಡುಪನ್ನು ನಿಷೇಧಿಸಿತು. 1746ರ ಕಾಯ್ದೆ ಅದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಕಡಲಾಚೆ ಗಡೀಪಾರು. ಕಾಯ್ದೆ ರದ್ದಾದದ್ದು 1782ರಲ್ಲಿ. ಈ ನಡುವೆ ಒಬ್ಬನಿಗೆ ಮಾತ್ರ ವಿನಾಯಿತಿ ಇತ್ತು, ರಾಜನ ಸೈನ್ಯಕ್ಕೆ ಸೇರಿದವನಿಗೆ. ಅಜ್ಜನ ಉಡುಪು ಉಡಬೇಕಾದರೆ ಅಜ್ಜನನ್ನು ಸೋಲಿಸಿದವನ ಪಗಾರ ತಿನ್ನಬೇಕು! ಗಡಿಯಲ್ಲಿ ಕೂತು ಕನ್ನಡ ಕಲಿಸುವ ನನಗೆ ಈ ಜಾಗದಲ್ಲಿ ಓದು ಸ್ವಲ್ಪ ನಿಂತಿತು, ಯಾಕೆಂದು ಬಿಡಿಸಿ ಹೇಳುವುದು ಬೇಡ.

ಹೀಗೆ ಹೈಲ್ಯಾಂಡ್ ಪಡೆಗಳು ಬೆಳೆದವು, ಹಡಗು ಹತ್ತಿದವು. 1780ರಲ್ಲಿ ಪೊಲ್ಲಿಲೂರಿನಲ್ಲಿ ಟಿಪ್ಪುವಿನ ಸೈನ್ಯದ ಎದುರು ಸೋತು ಸೆರೆಯಾದವರಲ್ಲಿ ಡೇವಿಡ್ ಬೇರ್ಡ್ ಒಬ್ಬ. 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. 1799ರ ಮೇ 4ರಂದು ಅದೇ ಕೋಟೆಯ ಮೇಲಿನ ದಾಳಿಗೆ ಅವನೇ ಮುಂದಾಳು. ಹೊತ್ತು ಗಮನಿಸಿ, ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ! ಆ ಉರಿಬಿಸಿಲಿಗೆ ಕೋಟೆಯವರು ವಿಶ್ರಾಂತಿಯಲ್ಲಿರುತ್ತಾರೆ ಎಂಬ ಲೆಕ್ಕಾಚಾರ. ಕಾವೇರಿಯ ಬಂಡೆಗಳ ಮೇಲೆ ನೀರು ದಾಟಿ ಹೋದವರಲ್ಲಿ 73 ಮತ್ತು 74ನೇ ಹೈಲ್ಯಾಂಡ್ ಪಡೆಗಳಿದ್ದವು. ಆದರೆ 74ನೆಯ ಪಡೆ ಭಾರತಕ್ಕೆ ಬಂದ ಮೇಲೆ ಕಿಲ್ಟನ್ನು ಬದಿಗಿಟ್ಟಿತ್ತು, ಇಲ್ಲಿನ ಹವೆಗೆ ಆಗುವುದಿಲ್ಲವೆಂದು. ಅಂದರೆ ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇದು: ಇಲ್ಲಪ್ಪ, ಆ ದಿನ 74ನೆಯ ಪಡೆಯವರಿಗೆ ಮುಂಡೂ ಇರಲಿಲ್ಲ, ಕಿಲ್ಟೂ ಇರಲಿಲ್ಲ. 1809ರಲ್ಲಂತೂ ಈ ಎರಡೂ ಪಡೆಗಳು ಸೇರಿ ಆರು ಪಡೆಗಳಿಂದ ಆ ಉಡುಪನ್ನೇ ಸರ್ಕಾರ ಕಿತ್ತುಕೊಂಡಿತು. ಈ ಸಲ ಕಾರಣ ಸೆಕೆ ಅಲ್ಲ. ಕಿಲ್ಟ್ ಇದ್ದರೆ ಬೇರೆ ಕಡೆಯ ಜನ ಸೈನ್ಯಕ್ಕೆ ಸೇರುವುದಿಲ್ಲ ಎಂಬುದು.

ಅನುಭವ ಹೀಗೆ ಹೇಳಿದರೂ ಮುಂದಿನವರು ಕೇಳಲಿಲ್ಲ. 1857ರ ಜುಲೈಯಲ್ಲಿ ಹ್ಯಾವ್‌ಲಾಕ್‌ನ ಜೊತೆ ಅಲಹಾಬಾದಿನಿಂದ ಕಾನ್ಪುರಕ್ಕೆ ನಡೆದ 78ನೇ ಪಡೆಯವರಿಗೆ ಬೇಸಿಗೆಯ ಬಟ್ಟೆಯೇ ಇರಲಿಲ್ಲ. ಕಿಲ್ಟಿನ ಮೇಲೆ ಉಣ್ಣೆಯ ದಪ್ಪ ಅಂಗಿ! ಸುಮಾರು 200 ಕಿಲೋಮೀಟರ್ ದಾರಿ, ಹತ್ತು ದಿನ, ನಡುನಡುವೆ ಕಾದಾಟ. ಗುಂಡಿಗೆ ಬಿದ್ದವರಲ್ಲದೆ ಬಿಸಿಲಿಗೂ ಕಾಲರಾಕ್ಕೂ ಬಿದ್ದವರು ಎಷ್ಟೋ. (ಅದೇ ದಾರಿಯಲ್ಲಿ ಮರಗಳಿಗೆ ನೇತುಹಾಕಿದ ಹಳ್ಳಿಗರನ್ನು ನೆನೆದರೆ ಅವರ ಬಗ್ಗೆ ಮರುಕ ಪಡುವುದೂ ಕಷ್ಟ.) ಅದೇ ವರ್ಷ ಲಕ್ನೋಗೆ ಹೋದ 93ನೇ ಪಡೆಯವರ ತಲೆಯ ಮೇಲೆ ಕಪ್ಪು ಗರಿಗಳ ದೊಡ್ಡ ಟೋಪಿ. ನೋಡುವವರಿಗೆ ನಗು ಬರಬಹುದು, ಆದರೆ ಬಿಸಿಲಿಗೂ ಕತ್ತಿಯೇಟಿಗೂ ಅದು ಒಳ್ಳೆಯದೆಂದು ತೊಟ್ಟವರೇ ಹೊಗಳಿದ್ದಾರೆ.

ತೆರೆದ ಕಾಲಿಗೆ ಗಾಳಿ ಬಂದಂತೆ ಬಿಸಿಲೂ ಬರುತ್ತದೆ. 1899ರ ಡಿಸೆಂಬರ್ 11, ದಕ್ಷಿಣ ಆಫ್ರಿಕಾದ ಮ್ಯಾಗರ್ಸ್‌ಫಾಂಟೇನ್. ಅಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಬೋಯರರ ಗುಂಡಿಗೆ ಹೆದರಿ ಹೈಲ್ಯಾಂಡ್ ಬ್ರಿಗೇಡಿನವರು ಬೆಳಗಿನಿಂದ ಮಧ್ಯಾಹ್ನದವರೆಗೆ ಬಯಲಲ್ಲಿ ಬೋರಲು ಮಲಗಿದರು. ತಲೆ ಎತ್ತುವ ಹಾಗಿಲ್ಲ, ಕಾಲು ಮಡಚುವ ಹಾಗಿಲ್ಲ. ಮೊಣಕಾಲಿನ ಹಿಂಭಾಗದ ಚರ್ಮ ಸುಟ್ಟು ಬೊಬ್ಬೆ ಎದ್ದಿತು, ಎಷ್ಟೋ ಜನರಿಗೆ ಆಮೇಲೆ ನಡೆಯುವುದೇ ಕಷ್ಟವಾಯಿತು. ಕಿಲ್ಟಿನ ಬಣ್ಣ ಶತ್ರುವಿಗೆ ಕಾಣದಿರಲೆಂದು ಎದುರಿಗೆ ಖಾಕಿಯ ಹೊದಿಕೆ ಕಟ್ಟಿಕೊಟ್ಟಿದ್ದರು. ಹಿಂದಿನ ಕಾಲಿಗೆ ಏನೂ ಇರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ರಣರಂಗದಿಂದ ಕಿಲ್ಟನ್ನು ಹಿಂತೆಗೆದರು, ಆಗಿನ ದೊಡ್ಡ ಭಯ ಚರ್ಮ ಸುಡುವ ವಿಷಾನಿಲ.

ತಮಾಷೆ ಏನೆಂದರೆ, ಎಂಟು ಗಜ ಹಳೆಯ ಸಂಪ್ರದಾಯವೇ ಅಲ್ಲ. 1790ರ ದಶಕದ ಹೊಲಿದ ಕಿಲ್ಟುಗಳಿಗೆ ನಾಲ್ಕು ಗಜದಷ್ಟೇ ಬಟ್ಟೆ, ನೆರಿಗೆಯೂ ಅಗಲ. ಹತ್ತೊಂಬತ್ತನೇ ಶತಮಾನದಲ್ಲಿ ಠೀವಿ ಹೆಚ್ಚಿದಂತೆ ನೆರಿಗೆ ಸಣ್ಣದಾಯಿತು, ಬಟ್ಟೆ ದುಪ್ಪಟ್ಟಾಯಿತು. ಈಗ ಬಿಸಿನಾಡುಗಳಲ್ಲಿ ಕಿಲ್ಟ್ ಉಡುವವರು ತಿರುಗಿ ನಾಲ್ಕು ಗಜಕ್ಕೇ ಬಂದಿದ್ದಾರೆ. ಗಜಕ್ಕೆ 16 ಔನ್ಸ್ ತೂಗುವ ದಪ್ಪ ಉಣ್ಣೆ ಬಿಟ್ಟು 10-11 ಔನ್ಸಿನ ತೆಳು ಬಟ್ಟೆ, ಇಲ್ಲವೇ ಹತ್ತಿ. ಉಣ್ಣೆಯ ಕಾಲುಚೀಲವನ್ನು ಪಾದದ ಗಂಟಿಗೆ ಇಳಿಸಿಬಿಡುತ್ತಾರೆ. ತೊಡೆ ಉಜ್ಜದಂತೆ ಒಳಗೆ ತೆಳ್ಳಗಿನ ಚಡ್ಡಿ. ತೆಳು ಬಟ್ಟೆಗೆ ಒಂದೇ ದೋಷ, ಗಾಳಿಗೆ ಹಾರುತ್ತದೆ. ಅದರ ಸಂಕಟ ಮುಂಡು ಉಟ್ಟು ಸೇತುವೆ ದಾಟಿದವರಿಗೆಲ್ಲ ಗೊತ್ತು.

ನಾಳೆ ಮನೆಯವಳ ಹಳೆಯ ಸೀರೆಯೊಂದನ್ನು ಕ್ಲಾಸಿಗೆ ಒಯ್ಯಬೇಕೆಂದಿದ್ದೇನೆ. ಸೀರೆಯ ಉದ್ದ ಐದೂವರೆ ಮೀಟರ್, ಕಿಲ್ಟಿನ ಎಂಟು ಗಜ ಏಳು ಮೀಟರಿಗೂ ಮೇಲೆ. ಗಾಳಿ ಬರ್ತದೆ ಎಂದ ಹುಡುಗಿಯ ಕೈಯಲ್ಲೇ ನೆರಿಗೆ ಹಿಡಿಸಬೇಕು.