ಕೌಂಟರಿನಲ್ಲಿ ಕೇಳುವ ಪ್ರಶ್ನೆ: ಪ್ಲೇಗ್ ಪಾಸ್‌ಪೋರ್ಟಿನಿಂದ ಕರಿಬೇವಿನ ಕಡ್ಡಿಯವರೆಗೆ

ಕಳೆದ ವರ್ಷ ಮೆಲ್ಬರ್ನ್‌ನಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟಾಗ, ಹಿಂದಿನ ರಾತ್ರಿ ಉಮ್ ಅಲ್ ಹಸ್ಸಮ್‌ನ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಜಗಳ ಗಸಗಸೆಯಿಂದ ಶುರುವಾಗಿತ್ತು. ಬೆಂಗಳೂರಿನಿಂದ ಬರುವ ಯಾರ ಕೈಲಾದರೂ ಕಾಲು ಕಿಲೋ ತರಿಸೋಣ ಎಂದು ನನ್ನ ಪತ್ನಿ ಹೇಳಿದ್ದಳು, ನಾನು ಸುತರಾಂ ಬೇಡವೆಂದಿದ್ದೆ. ನಮಗೆ ಪಾಯಸದ ಸಾಮಾನಾದ ಗಸಗಸೆ ಅಫೀಮು ಗಿಡದ ಬೀಜ. ಅದರ ಸಿಪ್ಪೆಗೆ ಮಾರ್ಫಿನ್‌ನ ಅಂಶ ಲೇಶವಾಗಿ ಅಂಟಿರುತ್ತದೆ. ಸೌದಿ ಅರೇಬಿಯಾ, ಯುಎಇಗಳಲ್ಲಿ ಅದು ನಿಷಿದ್ಧ ವಸ್ತು. ನಮ್ಮ ವಿಮಾನ ದುಬೈ ಮೂಲಕ ಹೋಗುವುದಿತ್ತು. "ಗಸಗಸೆ ಬೇಡ ಅಂದ್ರಿ, ಸರಿ. ಕರಿಬೇವಿಗೂ ಬೇಡ ಅಂತೀರಾ? ಅದನ್ನ ಯಾರು ನೋಡ್ತಾರೆ ರೀ" ಎಂದು ಆಕೆ ಮನಾಮದ ಮಾರುಕಟ್ಟೆಯಿಂದ ತಂದ ಒಂದು ಕಟ್ಟು ಕರಿಬೇವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟಳು.

ಆ ಕರಿಬೇವು ಏನಾಯಿತೆಂದು ಕೊನೆಗೆ ಹೇಳುತ್ತೇನೆ. ನಿವೃತ್ತನಾದ ವೈದ್ಯನಿಗೆ ವಿಮಾನದಲ್ಲಿ ಹದಿನಾಲ್ಕು ಗಂಟೆ ಕೂತು ಮಾಡುವ ಕೆಲಸವೇನೂ ಇರುವುದಿಲ್ಲ. "ನಿನ್ನ ಹತ್ತಿರ ಏನಿದೆ? ನಿನಗೆ ಏನಾಗಿದೆ?" ಎಂದು ಗಡಿಯಲ್ಲಿ ನಿಂತು ಕೇಳುವ ಈ ಪದ್ಧತಿ ಯಾವಾಗಿನದು, ನಮ್ಮ ಊರಿನವರು ಅದಕ್ಕೆ ಏನು ಉತ್ತರ ಕೊಡುತ್ತ ಬಂದರು ಎಂದು ಯೋಚಿಸುತ್ತ ಹೋದೆ. ಮರಳಿ ಬಂದ ಮೇಲೆ ಓದಿ ನೋಡಿದ್ದನ್ನೂ ಸೇರಿಸಿ ಈ ಬರಹ ಸಿದ್ಧಪಡಿಸಿದ್ದೇನೆ.

ಕ್ವಾರಂಟೈನ್ ಎಂಬ ಪದ ಇಟಲಿಯವರ 'ನಲವತ್ತು' ಎಂಬ ಪದದಿಂದ ಬಂದದ್ದೆಂದು ಕೋವಿಡ್ ಕಾಲದಲ್ಲಿ ಎಲ್ಲರೂ ಓದಿದ್ದೀರಿ. 1377ರಲ್ಲಿ ಏಡ್ರಿಯಾಟಿಕ್ ಸಮುದ್ರದ ರಗೂಸಾ ಬಂದರು ಪ್ಲೇಗ್ ಇರುವ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೇ ಇರಿಸಿತು. ಮುಂದೆ ಆ ಮೂವತ್ತು ನಲವತ್ತಾಯಿತು. ಅದು ಅವರ ಕಥೆ. ನಮ್ಮ ಕಥೆ ಶುರುವಾಗುವುದು 1896ರಲ್ಲಿ, ಮುಂಬಯಿ ಬಂದರಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ.

ಮರುವರ್ಷವೇ ಎರಡು ಕೆಲಸಗಳಾದವು. ಭಾರತದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತು. ರೈಲಿನಲ್ಲಿ ಹೋಗುವವರನ್ನು ಇಳಿಸಿ ಪರೀಕ್ಷಿಸುವ, ಅನುಮಾನ ಬಂದರೆ ಪ್ರತ್ಯೇಕವಾಗಿಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಒಂದೆರಡು ಪುಟಗಳ ಈ ಕಾಯ್ದೆ ಎಷ್ಟು ಗಟ್ಟಿ ಎಂದರೆ, 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದೂ ಇದರ ಅಡಿಯಲ್ಲೇ. ಅದೇ 1897ರಲ್ಲಿ ವೆನಿಸ್‌ನಲ್ಲಿ ಯುರೋಪಿನ ರಾಷ್ಟ್ರಗಳು ಸೇರಿ ಪ್ಲೇಗಿನ ಬಗ್ಗೆ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದಲ್ಲಿ ನಾವೀಗ ಇರುವ ಈ ಕೊಲ್ಲಿಯ ಹೆಸರೂ ಇದೆ. ಮುಂಬಯಿಯಿಂದ ಹಡಗು ಬರುವ ದಾರಿ ಇದು, ಇಲ್ಲಿಂದ ಮುಂದೆ ಯುರೋಪಿಗೆ ರೋಗ ದಾಟಬಾರದು ಎಂಬುದು ಅವರ ಆತಂಕ. ಇಲ್ಲಿ ಬದುಕಿದ್ದ ಜನರ ಆರೋಗ್ಯದ ಚಿಂತೆ ಅದರಲ್ಲಿ ಕಡಿಮೆಯೇ. ಇಷ್ಟಾದರೂ 20ನೆಯ ಶತಮಾನದ ಮೊದಲ ದಶಕದಲ್ಲಿ ಬಹ್ರೈನ್‌ಗೂ ಪ್ಲೇಗ್ ಬಂದಿತು. 1903ರಲ್ಲಿ ಮನಾಮದಲ್ಲಿ ತೆರೆದ ಮಿಷನ್ ಆಸ್ಪತ್ರೆ, ಈಗ ನಾವು ಅಮೆರಿಕನ್ ಮಿಷನ್ ಆಸ್ಪತ್ರೆ ಎನ್ನುವುದು, ಆ ಕಾಲದ್ದು.

ಈ ರೋಗ ಹುಬ್ಬಳ್ಳಿಯ ಕಡೆಯಿಂದ ರೈಲು ದಾರಿ ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರು ತಲುಪಿತು. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು, ಮುಂದೆ ದಿವಾನರಾದವರು ಇವರೇ. ಊರ ಹೊರಗೆ ಗುಡಿಸಲುಗಳ ಶಿಬಿರಗಳು ಎದ್ದವು. ಮಲ್ಲೇಶ್ವರ, ಬಸವನಗುಡಿಗಳಿಗೆ ಜನ ಬಂದು ನೆಲೆಸಲು ಪ್ಲೇಗೂ ಒಂದು ಕಾರಣ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಹುಟ್ಟಿಕೊಂಡದ್ದೂ ಆಗಲೇ. ನಾನು ಎಂ.ಬಿ.ಬಿ.ಎಸ್. ಓದುವಾಗ ವಾರ್ಡುಗಳಲ್ಲಿ ಓಡಾಡಿದ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆದದ್ದು 1900ರಲ್ಲಿ, ಊರು ಇನ್ನೂ ಪ್ಲೇಗಿನಿಂದ ಚೇತರಿಸಿಕೊಳ್ಳುತ್ತಿದ್ದಾಗ.

ಆ ದಿನಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ 'ಪ್ಲೇಗ್ ಪಾಸ್‌ಪೋರ್ಟ್' ಎಂಬುದೊಂದಿತ್ತು. ನಮ್ಮ ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡುಗಳೆಲ್ಲ ಆಗ ಅದೇ ಪ್ರೆಸಿಡೆನ್ಸಿಗೆ ಸೇರಿದ್ದವು. ಪ್ಲೇಗ್ ಇದ್ದ ಊರಿನಿಂದ ಬಂದವನು ಹೆಸರು, ಹೋಗುವ ಊರು ಬರೆಸಿ ಚೀಟಿ ಪಡೆಯಬೇಕು. ಆಮೇಲೆ ಹತ್ತು ದಿನ ದಿನವೂ ಅಧಿಕಾರಿಯ ಮುಂದೆ ಹಾಜರಾಗಿ ತನಗೆ ಜ್ವರವಿಲ್ಲ ಎಂದು ತೋರಿಸಬೇಕು. ಒಂದೇ ದೇಶದೊಳಗೆ ಓಡಾಡಲು ಪಾಸ್‌ಪೋರ್ಟ್! 2020ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ನಮ್ಮಲ್ಲಿ ಹಲವರ ಕೈಯ ಮೇಲೆ ಅಳಿಸದ ಶಾಯಿಯ ಮುದ್ರೆ ಒತ್ತಿದ್ದು ನೆನಪಿರಬಹುದು. ಅದರ ಅಜ್ಜ ಈ ಚೀಟಿ.

ಜನ ಇದಕ್ಕೆ ಏನು ಮಾಡಿದರು? ಬಚ್ಚಿಟ್ಟರು. ರೋಗಿಯನ್ನು ಅಟ್ಟದ ಮೇಲೆ ಮಲಗಿಸಿದರು, ಸತ್ತವರನ್ನು ರಾತ್ರೋರಾತ್ರಿ ಸಾಗಿಸಿದರು, ಸ್ಟೇಷನ್ನಿಗೆ ಮುಂಚೆಯೇ ಇಳಿದು ಹೊಲದ ದಾರಿ ಹಿಡಿದರು. ಅವರು ಮೂರ್ಖರಾಗಿರಲಿಲ್ಲ. ಹೇಳಿದವನ ಮನೆಯ ಹೆಂಚು ತೆಗೆಸುತ್ತಿದ್ದರು, ಸಾಮಾನು ಸುಡುತ್ತಿದ್ದರು, ಹೆಂಗಸರನ್ನು ಪರಪುರುಷರು ಮುಟ್ಟಿ ಪರೀಕ್ಷಿಸುತ್ತಿದ್ದರು. ಪುಣೆಯಲ್ಲಿ ಈ ಸಿಟ್ಟು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯವರೆಗೆ, 1897ರ ಜೂನ್ 22ರ ರಾತ್ರಿಯವರೆಗೆ, ಹೋಯಿತು.

ವೈದ್ಯನಾಗಿ ನನಗೆ ಇದರಲ್ಲಿ ಕಾಣುವ ದೊಡ್ಡ ವಿಪರ್ಯಾಸ ಇನ್ನೊಂದು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ 1894ರಲ್ಲೇ ಗುರುತಿಸಿದ್ದ. ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಸೀಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು 1898ರ ಜೂನ್‌ನಲ್ಲಿ, ಅಂದರೆ ಬೆಂಗಳೂರಿಗೆ ಪ್ಲೇಗ್ ಬರುವ ಎರಡು ತಿಂಗಳ ಮುಂಚೆ. ಅವನ ಮಾತನ್ನು ವರ್ಷಗಟ್ಟಲೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹೀಗಾಗಿ ಸ್ಟೇಷನ್ನಿನಲ್ಲಿ ಮನುಷ್ಯರ ಕಂಕುಳು ಮುಟ್ಟಿ ಗೆಡ್ಡೆ ಹುಡುಕುತ್ತಿದ್ದಾಗ, ಅದೇ ರೈಲಿನ ಗೂಡ್ಸ್ ಡಬ್ಬಿಯಿಂದ ಧಾನ್ಯದ ಮೂಟೆಗಳ ಜೊತೆ ಇಲಿಗಳು ಯಾವ ಪಾಸ್‌ಪೋರ್ಟೂ ಇಲ್ಲದೆ ಇಳಿದು ಹೋಗುತ್ತಿದ್ದವು. ತಪಾಸಣೆ ಮೈಯಿಂದ ಚೀಲದ ಕಡೆಗೆ ತಿರುಗಲು ಇನ್ನೂ ಬಹಳ ಕಾಲ ಹಿಡಿಯಿತು.

ವಿಮಾನ ಬಂದಾಗ ಲೆಕ್ಕವೇ ಬದಲಾಯಿತು. ಇಂಪೀರಿಯಲ್ ಏರ್‌ವೇಸ್ ತನ್ನ ಭಾರತದ ದಾರಿಯನ್ನು ಪರ್ಷಿಯಾದ ದಡದಿಂದ ಈಚೆ ದಡಕ್ಕೆ ಬದಲಿಸಿದ್ದು 1932ರ ಅಕ್ಟೋಬರ್‌ನಲ್ಲಿ. ಅಂದಿನಿಂದ ಮುಹರ್ರಕ್ ಲಂಡನ್–ಕರಾಚಿ ಹಾದಿಯ ಒಂದು ತಂಗುದಾಣ. ಹಡಗಿನಲ್ಲಿ ವಾರಗಟ್ಟಲೆ ಬರುವಾಗ ಒಳಗಿದ್ದ ರೋಗ ನಡುದಾರಿಯಲ್ಲೇ ಹೊರಬೀಳುತ್ತಿತ್ತು. ವಿಮಾನದಲ್ಲಿ ಹಾಗಲ್ಲ, ಸೋಂಕು ತಗುಲಿದವನು ಜ್ವರ ಬರುವ ಮುನ್ನವೇ ಇಳಿದು ಮನೆ ಸೇರುತ್ತಾನೆ. ಇಂಪೀರಿಯಲ್ ಏರ್‌ವೇಸ್‌ನ ಆಫ್ರಿಕಾದ ಹಾದಿಯೂ ಭಾರತದ ಹಾದಿಯೂ ಈಜಿಪ್ಟಿನಲ್ಲಿ ಕೂಡುತ್ತಿದ್ದವು. ಆಫ್ರಿಕಾದ ಹಳದಿ ಜ್ವರ ಈ ದಾರಿಯಲ್ಲಿ ಭಾರತಕ್ಕೆ ಬಂದರೆ? ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ಡೆಂಗಿ ಹರಡುವುದೂ ಅದೇ. ರೋಗ ಮಾತ್ರ ಇಲ್ಲ. 1933ರಲ್ಲಿ ಹೇಗ್ ನಗರದಲ್ಲಿ ವಿಮಾನಯಾನಕ್ಕೆಂದೇ ಪ್ರತ್ಯೇಕ ಆರೋಗ್ಯ ಒಪ್ಪಂದವಾದದ್ದು ಮುಖ್ಯವಾಗಿ ಈ ಹೆದರಿಕೆಯಿಂದ. ಇಂದಿಗೂ ಹಳದಿ ಜ್ವರದ ದೇಶದಿಂದ ಲಸಿಕೆ ಚೀಟಿ ಇಲ್ಲದೆ ಭಾರತಕ್ಕೆ ಬಂದರೆ ಆರು ದಿನ ಪ್ರತ್ಯೇಕವಾಗಿ ಇರಿಸುತ್ತಾರೆ, ಏಕೆಂದರೆ ಆ ಸೋಂಕು ಹೊರಬೀಳಲು ಹೆಚ್ಚೆಂದರೆ ಆರು ದಿನ ಬೇಕು. ಆಫ್ರಿಕಾ ಪ್ರವಾಸಕ್ಕೆ ಹೋಗುವ ಸದಸ್ಯರು ಹತ್ತು ದಿನ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳಿ, ಒಂಬತ್ತನೆಯ ದಿನ ಚೀಟಿಗೆ ಬೆಲೆಯಿಲ್ಲ. 2016ರಿಂದ ಆ ಚೀಟಿ ಜೀವನಪರ್ಯಂತ ನಡೆಯುತ್ತದೆ.

ನಮ್ಮ ಹಿರಿಯ ಸದಸ್ಯರು 'ದ್ವಾರಕಾ' ಹಡಗಿನ ಡೆಕ್ಕಿನಲ್ಲಿ ಮುಂಬಯಿಯಿಂದ ಬಂದವರು ಸಿಡುಬಿನ ಲಸಿಕೆಯ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡುತ್ತಿದ್ದರು. ಸಿಡುಬು ಲೋಕದಿಂದಲೇ ಹೋಯಿತೆಂದು 1980ರಲ್ಲಿ ಘೋಷಣೆಯಾಯಿತು. 1982ರಲ್ಲಿ 'ದ್ವಾರಕಾ'ವೂ ನಿಂತಿತು.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಬಹ್ರೈನ್‌ಗೆ ಬರುವ ಮೊದಲು, 1990ರ ದಶಕದ ಕೊನೆಯಲ್ಲಿ, ಎರಡು ವರ್ಷ ಕರಾವಳಿಯ ಒಂದು ಕೇಂದ್ರದಲ್ಲಿ 'ಗಲ್ಫ್ ಮೆಡಿಕಲ್' ಮಾಡುತ್ತಿದ್ದೆ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಕೊನೆಗೆ 'ಫಿಟ್' ಅಥವಾ 'ಅನ್‌ಫಿಟ್'. ಕ್ಷಯದ ವಿಷಯದಲ್ಲಿ ನಿಯಮ ಕಠಿಣ. ಈಗ ರೋಗ ಇರಬೇಕೆಂದಿಲ್ಲ, ವಾಸಿಯಾದ ಹಳೆಯ ಕಲೆ ಇದ್ದರೂ ಅನ್‌ಫಿಟ್. ಕುಂದಾಪುರದ ಕಡೆಯ ಒಬ್ಬ ಹುಡುಗ ಬಂದ. ಇಪ್ಪತ್ನಾಲ್ಕು ವರ್ಷ, ಗಟ್ಟಿಮುಟ್ಟಾದ ಆಳು, ವೀಸಾಕ್ಕೆ ಸಾಲ ಮಾಡಿದ್ದ. ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಕೇಳಿದೆ. ಹೈಸ್ಕೂಲಿನಲ್ಲಿದ್ದಾಗ ಕ್ಷಯವಾಗಿತ್ತು, ಆರು ತಿಂಗಳು ಮಾತ್ರೆ ತಪ್ಪದೆ ನುಂಗಿದೆ, ಡಾಕ್ಟರು ವಾಸಿಯಾಯಿತೆಂದರು ಎಂದ. ಎಕ್ಸ್‌ರೇಯನ್ನು ದೀಪದ ಮುಂದೆ ಇನ್ನೊಮ್ಮೆ ಹಿಡಿದೆ. ಮೇಲ್ಭಾಗದಲ್ಲಿ ಅಕ್ಕಿಕಾಳಿನಷ್ಟು ಒಂದು ಕಲೆ. ಅನ್‌ಫಿಟ್ ಎಂದು ಬರೆದೆ.

ಮರುದಿನ ಅವನು ಮತ್ತೆ ಬಂದ. ಗಲಾಟೆ ಮಾಡಲಿಲ್ಲ. "ಡಾಕ್ಟ್ರೇ, ನಾನು ಹೇಳದೇ ಇದ್ದಿದ್ರೆ ನಿಮಗೆ ಕಾಣ್ತಿತ್ತಾ?" ಎಂದು ಮಾತ್ರ ಕೇಳಿದ.

ಕಾಣುತ್ತಿರಲಿಲ್ಲ. ದಿನಕ್ಕೆ ಅರವತ್ತು ಎಕ್ಸ್‌ರೇ ನೋಡುವವನಿಗೆ ಆ ಕಲೆ ಬಹುಶಃ ತಪ್ಪಿಹೋಗುತ್ತಿತ್ತು. ನಾನು ಉತ್ತರ ಕೊಡಲಿಲ್ಲ, ಮುಂದಿನವರನ್ನು ಕರೆದೆ. ಆಮೇಲೆ ಅವನ ಊರಿನ ಕಡೆಯಿಂದ ಬಂದ ಯಾರೂ ಯಾವ ಹಳೆಯ ಕಾಯಿಲೆಯನ್ನೂ ನನಗೆ ಹೇಳಲಿಲ್ಲ. ಏಳೆಂಟು ವರ್ಷಗಳ ನಂತರ ಮನಾಮದ ಮಾರುಕಟ್ಟೆಯಲ್ಲಿ ಒಬ್ಬ ಗುರುತು ಹಿಡಿದು ನಕ್ಕ. ಅವನೇ. ಬೇರೆ ಊರಿನಲ್ಲಿ ಮೆಡಿಕಲ್ ಮಾಡಿಸಿದನಂತೆ. "ಆ ಸಲ ಬಾಯಿ ಬಿಡ್ಲಿಲ್ಲ ಡಾಕ್ಟ್ರೇ" ಎಂದ. ಅವನು ಆರೋಗ್ಯವಾಗಿದ್ದ, ಅಷ್ಟೇ ಸಮಾಧಾನ. ಆದರೆ ಇನ್ನೂ ಕೆಮ್ಮುತ್ತಿದ್ದವನೊಬ್ಬ ಇದೇ ಪಾಠ ಕಲಿತು, ಹತ್ತು ಜನ ಮಲಗುವ ಲೇಬರ್ ಕ್ಯಾಂಪಿನ ಕೋಣೆಗೆ ಹೋಗಿದ್ದರೆ? ಆ ನಿಯಮ ಯಾರನ್ನು ಕಾಪಾಡಿತು ಎಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ.

ದೇಶಗಳೂ ಈ ಹುಡುಗನಂತೆಯೇ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಬಂದಾಗ ಗಲ್ಫ್‌ನ ಹಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದವು. ರಜೆಗೆ ಹೋದ ಎಷ್ಟೋ ಜನ ಊರಲ್ಲೇ ಸಿಕ್ಕಿಕೊಂಡರು. ರೋಗವಿದೆ ಎಂದು ಹೇಳಿದ ದೇಶಕ್ಕೆ ಹೀಗಾದರೆ ಮುಂದಿನ ಬಾರಿ ಯಾರು ಹೇಳುತ್ತಾರೆ? 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳನ್ನು ತಿದ್ದಿದಾಗ, ಸಂಚಾರ ಮತ್ತು ವ್ಯಾಪಾರಕ್ಕೆ ಅನಗತ್ಯ ಅಡ್ಡಿ ಮಾಡಬಾರದೆಂದು ಒತ್ತಿ ಹೇಳಿದ್ದರ ಹಿಂದೆ ಈ ಪ್ರಶ್ನೆಯಿದೆ. ಆದರೂ 2021ರ ನವೆಂಬರ್‌ನಲ್ಲಿ ಓಮಿಕ್ರಾನ್ ಇದೆ ಎಂದು ಲೋಕಕ್ಕೆ ತಿಳಿಸಿದ ದಕ್ಷಿಣ ಆಫ್ರಿಕಾಕ್ಕೆ ಸಿಕ್ಕಿದ್ದು ವಿಮಾನ ನಿಷೇಧ. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಪ್ರಕಟವಾದವು. ಎರಡೂ ಬೆಂಗಳೂರಿನವು, ಅದರಲ್ಲಿ ಒಬ್ಬರು ವಿದೇಶಕ್ಕೇ ಹೋಗಿರದ ವೈದ್ಯರು! ಹಣೆಗೆ ಹಿಡಿಯುವ ಥರ್ಮಾಮೀಟರಿನ ಮಿತಿಯೂ ಹೀಗೆಯೇ. 2020ರ ಮಾರ್ಚ್‌ನಲ್ಲಿ ಭಾರತದ ಮೊದಲ ಕೋವಿಡ್ ಸಾವಾದದ್ದು ಕಲಬುರಗಿಯಲ್ಲಿ. ಸೌದಿಯಿಂದ ಮರಳಿದ್ದ ಆ ಹಿರಿಯರಿಗೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಲಕ್ಷಣಗಳೇ ಇರಲಿಲ್ಲ.

ಇನ್ನು ಚೀಲದ ವಿಷಯ. ಇದನ್ನು ನಾವು ತಾತ್ಸಾರ ಮಾಡುತ್ತೇವೆ, ಮಾಡಬಾರದು. ಊರಲ್ಲಿ ತೆಂಗಿನ ತೋಟವಿದ್ದವರಿಗೆ ಕೆಂಪು ಮೂತಿ ಹುಳು ಗೊತ್ತು. ಕಾಂಡದೊಳಗೆ ಕೊರೆದು ತಿಂದು, ಸುಳಿ ಬಾಗಿದಾಗಲೇ ನಮಗೆ ತಿಳಿಯುವುದು. ಹುಟ್ಟಾ ನಮ್ಮ ಕಡೆಯ ಈ ಹುಳು 1980ರ ದಶಕದ ಮಧ್ಯದಲ್ಲಿ ಈ ಕೊಲ್ಲಿಗೆ ಬಂದು ಖರ್ಜೂರದ ಮರಗಳಿಗೆ ಬಿದ್ದಿತು. ತಾನಾಗಿ ಇಷ್ಟು ದೂರ ಹಾರುವ ಹುಳುವಲ್ಲ, ಯಾರೋ ಸಾಗಿಸಿದ ಸಸಿಗಳ ಒಳಗೆ ಕೂತು ಬಂದದ್ದು. ಉಮ್ ಅಲ್ ಹಸ್ಸಮ್‌ನ ನಮ್ಮ ಬೀದಿಯ ಖರ್ಜೂರದ ಮರಗಳನ್ನು ನೋಡುವಾಗ ಅದು ನೆನಪಾಗುತ್ತದೆ.

ಕರಿಬೇವಿನದೂ ಇಂಥದೇ ಕಥೆ. ಅದು ಕಿತ್ತಳೆ, ನಿಂಬೆಗಳ ಕುಟುಂಬದ ಗಿಡ. ಅದರ ಚಿಗುರಿನಲ್ಲಿ ಮೊಟ್ಟೆಯಿಡುವ ಸಿಲ್ಲಿಡ್ ಎಂಬ ಸಣ್ಣ ಕೀಟ ಕಿತ್ತಳೆಗೆ 'ಗ್ರೀನಿಂಗ್' ಎಂಬ ರೋಗ ಅಂಟಿಸುತ್ತದೆ. ಅದಕ್ಕೆ ಮದ್ದಿಲ್ಲ, ಮರ ಕಡಿಯಬೇಕು. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಇದೂ ಒಂದು ಕಾರಣ. ಆಸ್ಟ್ರೇಲಿಯಾದಲ್ಲಿ ಈ ರೋಗ ಇಲ್ಲ. 1908ರಿಂದಲೇ ಅವರಿಗೆ ಕ್ವಾರಂಟೈನ್ ಕಾಯ್ದೆಯಿತ್ತು, ಈಗಿರುವುದು 2015ರ ಜೈವಿಕ ಭದ್ರತಾ ಕಾಯ್ದೆ. ಅಲ್ಲಿಯ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ತಂದ ವಸ್ತುವನ್ನು ಚೀಟಿಯಲ್ಲಿ ಒಪ್ಪಿಕೊಂಡರೆ, ನಿಷಿದ್ಧವಾಗಿದ್ದರೂ ವಸ್ತು ಹೋಗುತ್ತದೆಯೇ ಹೊರತು ದಂಡವಿಲ್ಲ. ಮುಚ್ಚಿಟ್ಟರೆ ಭಾರಿ ದಂಡ, ಪ್ರವಾಸಿ ವೀಸಾವೇ ರದ್ದಾಗಬಹುದು.

ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ನಾನು 'ಹೌದು' ಎಂದು ಗುರುತು ಹಾಕುವಾಗ ಪತ್ನಿ ಮುಖ ತಿರುಗಿಸಿ ಕೂತಿದ್ದಳು. ಮೆಲ್ಬರ್ನ್‌ನ ಕೌಂಟರಿನಲ್ಲಿದ್ದ ಹುಡುಗಿಗೆ ನಮ್ಮ ಮಗಳಷ್ಟೇ ವಯಸ್ಸು. ಏನೇನಿದೆ ಎಂದಳು. ಸಾರಿನ ಪುಡಿ, ಅಂಟಿನ ಉಂಡೆಯ ಸಾಮಾನು, ಒಣಶುಂಠಿ, ಕರಿಬೇವು ಎಂದೆ. ಎಲ್ಲವನ್ನೂ ತೆಗೆಸಿ ನೋಡಿದಳು. ಕರಿಬೇವಿನ ಎಲೆಯನ್ನು ತಿರುವಿ ಅಡಿಭಾಗ ನೋಡಿ, ಕಟ್ಟನ್ನು ಹಾಗೆಯೇ ಡಬ್ಬಿಗೆ ಹಾಕಿದಳು. ಉಳಿದದ್ದನ್ನು ತಾನೇ ಜೋಡಿಸಿ ಕೊಟ್ಟು, ಹೇಳಿದ್ದಕ್ಕೆ ಧನ್ಯವಾದ ಎಂದು ಪತ್ನಿಯ ಕಡೆ ನೋಡಿ ಅಂದಳು. ಎಲ್ಲ ಸೇರಿ ಐದು ನಿಮಿಷ.

ಮಗಳ ಮನೆಯ ಹಿತ್ತಲಲ್ಲಿ, ಅಲ್ಲಿಯ ನರ್ಸರಿಯಿಂದ ತಂದ ಕರಿಬೇವಿನ ಗಿಡವೊಂದು ಕುಂಡದಲ್ಲಿತ್ತು. ಈ ಡಿಸೆಂಬರಿಗೆ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಮತ್ತೆ ಹೊರಟಿದ್ದೇವೆ. ಕೊಂಡೊಯ್ಯುವ ಸಾಮಾನಿನ ಪಟ್ಟಿಯನ್ನು ಪತ್ನಿ ಈಗಾಗಲೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಪ್ರತಿ ಸಾಲಿನ ಪಕ್ಕದಲ್ಲೂ ಚೀಟಿಯಲ್ಲಿ ಬರೆಯಬೇಕೋ ಬೇಡವೋ ಎಂಬ ಗುರುತಿದೆ. ನನ್ನ ಬಿಪಿ ಮಾತ್ರೆಯನ್ನೂ ಬಿಟ್ಟಿಲ್ಲ.